ಹಾಡು ಮುಗಿದ ಮೇಲಿನ ಮಾತು

ಹಳೆಯ ರಾಕ್ ತಂಡವೊಂದರ ಅಷ್ಟೂ ಆಲ್ಬಮ್‌ಗಳು ಭಾನುವಾರ ಬೆಳಿಗ್ಗೆ ಫೋನಿನಲ್ಲೇ ಕೇಳುವಂತೆ ಬಿಡುಗಡೆಯಾದವು. ಮೂಲ ಟೇಪುಗಳ ಗೊರಗೊರ ಸದ್ದು ತೆಗೆದು ಹೊಸದು ಮಾಡಿದ್ದರು. ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಅಣ್ಣ ಮನೆಮಂದಿಯನ್ನೆಲ್ಲ ತನ್ನ ಹಜಾರಕ್ಕೆ ಕರೆದಿದ್ದ. ಮೊದಲ ಎರಡು ಆಲ್ಬಮ್‌ಗಳಿಗೆ ಡ್ರಮ್ಸ್ ಬಾರಿಸಿದ್ದ ತಮ್ಮ ಈಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವನು ಹೆಂಡತಿ ಮಗಳೊಂದಿಗೆ ಬಂದು ಸ್ಪೀಕರಿನ ಎದುರೇ ಕೂತ.

ಎರಡನೇ ಆಲ್ಬಮ್ ಆದ ಮೇಲೆ ಅವನನ್ನು ಕೈಬಿಟ್ಟಿದ್ದರು. "ಕ್ಯಾಸೆಟ್ ಕಂಪನಿಯವರು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ ಕಣೋ, ಕಾಲು ಹಿಡಿಯೋದೊಂದು ಬಾಕಿ" ಎಂದು ಅಣ್ಣ ಆಗ ಅತ್ತಿದ್ದ. ಅಣ್ಣ ತನಗಾಗಿ ಅಷ್ಟು ಗುದ್ದಾಡಿದನೆಂದು ತಮ್ಮ ಮಗಳಿಗೂ ಹೇಳಿಕೊಂಡು ಬಂದಿದ್ದ.

"ಅಪ್ಪಾ, ಇದು ನೀನಾ? ಅಡುಗೆಮನೆ ಪಾತ್ರೆ ಎಲ್ಲ ಒಟ್ಟಿಗೆ ಬಿದ್ದ ಹಾಗಿದೆ!" ಮಗಳ ಮಾತಿಗೆ ಎಲ್ಲರೂ ನಕ್ಕರು.

ಎರಡನೇ ಆಲ್ಬಮಿನ ಕೊನೆಯ ಹಾಡು ಸಣ್ಣಗಾಗುತ್ತ ಹೋಯಿತು. ಕ್ಯಾಸೆಟ್ಟಿನ ಕಾಲದಲ್ಲಿ ಅಲ್ಲಿ ಬರೀ ಗೊರಗೊರ ಇತ್ತು. ಈಗ ಕುರ್ಚಿ ಎಳೆದದ್ದು ಕೇಳಿಸಿತು. ಆಮೇಲೆ, ಪಕ್ಕದಲ್ಲೇ ನಿಂತಂತೆ, ಅಣ್ಣನ ಎಳೆಯ ದನಿ: "ನನ್ ತಮ್ಮನ ಕೈಲಿ ಆಗಲ್ಲ. ಬೇರೆಯವನನ್ನ ನೋಡೋಣ. ಕಂಪನಿಯವರೇ ಬೇಡ ಅಂದ್ರು ಅಂತ ಅವನಿಗೆ ನಾನು ಹೇಳ್ತೀನಿ ಬಿಡಿ."

ಕಾಫಿ ತರುತ್ತಿದ್ದ ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟಳು. ಅಣ್ಣ ಗಡಿಬಿಡಿಯಿಂದ ಫೋನ್ ಒತ್ತಿದ. ನಿಲ್ಲುವ ಬದಲು ಅದೇ ಹಾಡು ಮೊದಲಿನಿಂದ ಶುರುವಾಯಿತು.

"ಅಣ್ಣಾ, ಅದು ನೀನೇ ಅಲ್ವಾ?"

"ಟೇಪ್ ಓಡ್ತಿದೆ ಅಂತ ಗೊತ್ತಿರ್ಲಿಲ್ಲ ಕಣೋ."

ಸುಳ್ಳಿಗಿಂತ ಆ ಉತ್ತರವೇ ತಮ್ಮನನ್ನು ಇರಿಯಿತು. ಅವನು ಎದ್ದು ಹೊರಟ. ಅಣ್ಣ ಬರಿಗಾಲಲ್ಲೇ ಗೇಟಿನವರೆಗೆ ಓಡಿ ಬಂದ.

"ನೀನು ಲಯ ಬಿಡ್ತಿದ್ದೆ. ಮುಖ ನೋಡ್ಕೊಂಡು ಹೇಳೋಕೆ ಧೈರ್ಯ ಬರ್ಲಿಲ್ಲ."

"ಬಿಡ್ತಿದ್ದೆ. ನನಗೇನು ಗೊತ್ತಿರ್ಲಿಲ್ವಾ? ನೀನು ಹೇಳಿದ್ರೆ ಸುಮ್ನೆ ಒಪ್ಕೊಳ್ತಿದ್ದೆ."

ಊರಿಗೆಲ್ಲ ಕಾರು ಕಲಿಸುವವನಿಗೆ ಅಂದು ಬೀಗದ ಕೈ ತಿರುಗಿಸಲೂ ಆಗಲಿಲ್ಲ. ಹೆಂಡತಿಯೇ ಓಡಿಸಿದಳು. ಸಂಜೆಯ ಹೊತ್ತಿಗೆ ಟೇಪಿನ ಆ ಮಾತು ಗುರುತು ಪರಿಚಯವಿಲ್ಲದವರ ಫೋನುಗಳಲ್ಲೂ ಹರಿದಾಡುತ್ತಿತ್ತು. ಅಣ್ಣನ ಕರೆ ಬಂದಾಗ ತಮ್ಮ ಎತ್ತಿಕೊಂಡ.

"ಹೇಳು" ಎಂದ.

ಆ ಕಡೆ ಬಿಕ್ಕುವುದು ಕೇಳಿಸಿತು. ತಮ್ಮ ಫೋನ್ ಇಡಲಿಲ್ಲ.