ಎಡಗಡೆಯ ಕನ್ನಡಿ

ಚಲುವರಾಜುವಿಗೆ ಎಡಗಡೆಯ ಕನ್ನಡಿ ನೋಡುವ ಅಭ್ಯಾಸ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷ ಹಾಲಿನ ಲಾರಿ ಓಡಿಸಿದವನಿಗೆ ಈ ಮಾತು ಹೇಳಿದವನು ಡ್ರೈವಿಂಗ್ ಕಲಿಸುವ ಇಪ್ಪತ್ತೇಳು ವರ್ಷದ ಶ್ರೀರಾಮ್. ಅದನ್ನೂ ಅವನು ನೇರವಾಗಿ ಹೇಳಲಿಲ್ಲ. ಲಾರಿಯ ಎಡಚಕ್ರದ ಕೆಳಗೆ ಅಪ್ಪಚ್ಚಿಯಾಗಿದ್ದ ಮೂರು ಹಳದಿ ಪ್ಲಾಸ್ಟಿಕ್ ಕೋನುಗಳನ್ನು ಎಳೆದು ತೆಗೆದು, ಮಣ್ಣು ಕೊಡವಿ, ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿ, ಕಿಟಕಿಯ ಹತ್ತಿರ ಬಂದು ಕೇಳಿದ.

"ಎಡಗಡೆ ಕನ್ನಡೀಲಿ ಏನು ಕಾಣ್ತು ಸಾರ್?"

ಏನೂ ಕಂಡಿರಲಿಲ್ಲ. ನೋಡಿದ್ದರೆ ತಾನೆ ಕಾಣುವುದು. ಚಲುವರಾಜು ಸ್ಟೀರಿಂಗ್ ಹಿಡಿದು ಕೂತ. ತರಬೇತಿ ಮೈದಾನದ ಅಂಚಿನ ಹುಣಸೆ ಮರದ ಕೆಳಗೆ ಪುಟ್ಟರಾಜು ಮತ್ತು ಶಂಕರ್ ತಮ್ಮ ಸರದಿಗೆ ಕಾಯುತ್ತಿದ್ದರು. ಅವರ ತಲೆಯ ಮೇಲೆ ದೂರದಲ್ಲಿ ಕರಿಘಟ್ಟದ ಬೆಟ್ಟ ಬಿಸಿಲಿಗೆ ಬೂದಿಯಾಗಿ ಕಾಣುತ್ತಿತ್ತು. ಪುಟ್ಟರಾಜು ನಗು ತಡೆಯಲು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಿದ್ದ. ಶ್ರೀರಾಮ್ ಸಾರ್ ಎಂದದ್ದೇ ಚಲುವರಾಜುವಿಗೆ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅವನು ದಿನಾ ಓಡಿಸುವ ಲಾರಿಯಲ್ಲಿ ಎಡಗನ್ನಡಿ ಕುಳ್ಳಯ್ಯನದು. ಕ್ಲೀನರ್ ಕುಳ್ಳಯ್ಯ ಅದನ್ನು ಮೇಲಕ್ಕೆ, ಒಳಕ್ಕೆ ತಿರುಗಿಸಿಕೊಂಡು ಬೆಳಿಗ್ಗೆ ಬೆಳಿಗ್ಗೆ ತಲೆ ಬಾಚುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಲಾರಿಯ ಎಡಭಾಗ ಪೂರ್ತಿ ಅವನ ಉಸ್ತುವಾರಿ. ಇಕ್ಕಟ್ಟಿನಲ್ಲಿ ತಲೆ ಹೊರಗೆ ಹಾಕಿ ಬರ್ಲಿ ಬರ್ಲಿ ಎನ್ನುತ್ತಿದ್ದ. ಹಿಂದಕ್ಕೆ ತೆಗೆಯುವಾಗ ಕೆಳಗಿಳಿದು ಲಾರಿಯ ಪಕ್ಕೆಗೆ ಅಂಗೈಯಿಂದ ಬಡಿಯುತ್ತಿದ್ದ. ಒಂದು ಏಟು ಬಿದ್ದರೆ ನಿಲ್ಲು, ಎರಡು ಬಿದ್ದರೆ ನಡಿ. ಆ ಸದ್ದಿಗೆ ಚಲುವರಾಜುವಿನ ಕಾಲು ತಾನಾಗಿ ಬ್ರೇಕು ಒತ್ತುತ್ತಿತ್ತು. ನಡುವೆ ಯೋಚನೆ ಮಾಡುವ ಕೆಲಸ ಇರಲಿಲ್ಲ.

ಈಗ ಲಾರಿ ಮಾಲೀಕ ಶಿವಣ್ಣನಿಗೆ ಕ್ಲೀನರುಗಳು ಬೇಡವಾಗಿದ್ದರು. ಹಳ್ಳಿಗಳ ಡೈರಿಯಿಂದ ಹಾಲು ತುಂಬಿಸಿ ತರುವ ಮೂರು ಲಾರಿ ಅವನವು. ಪಾಂಡವಪುರದ ಕಡೆಗೆ ಚಲುವರಾಜು, ಕೆ.ಆರ್. ಪೇಟೆ ಕಡೆಗೆ ಪುಟ್ಟರಾಜು, ನಾಗಮಂಗಲದ ಕಡೆಗೆ ಶಂಕರ್. ಮುಂದಿನ ಒಂದನೇ ತಾರೀಖಿನಿಂದ ಲಾರಿಗೆ ಒಬ್ಬನೇ ಆಳು, ಕ್ಯಾನು ಎತ್ತಿಕೊಡುವುದು ಡೈರಿಯವರ ಕೆಲಸ, ಹಿಂದೆ ನೋಡಲು ಕ್ಯಾಮೆರಾ ಬರುತ್ತದೆ ಎಂದು ಶಿವಣ್ಣ ಹೇಳಿದ್ದ. ಆದರೆ ಡ್ರೈವರ್ ಒಬ್ಬನೇ ಹೋಗಬೇಕಾದರೆ ಅವನ ಬಳಿ ಈ ಎರಡು ದಿನದ ಅಡ್ವಾನ್ಸ್ ಡ್ರೈವಿಂಗ್ ಕೋರ್ಸಿನ ಸರ್ಟಿಫಿಕೇಟು ಇರಲೇಬೇಕೆಂದು ವಿಮೆಯವರು ಷರತ್ತು ಹಾಕಿದ್ದರು. ಹಾಗಾಗಿ ಬೆಳಗಿನ ಹಾಲು ಇಳಿಸಿ, ಸ್ನಾನ ಮಾಡಿ, ಐವತ್ತರ ಆಸುಪಾಸಿನ ಮೂವರು ಶ್ರೀರಂಗಪಟ್ಟಣಕ್ಕೆ ಬಂದು ಕೋನುಗಳ ಮಧ್ಯೆ ಲಾರಿ ಓಡಿಸುವುದನ್ನು ಕಲಿಯುತ್ತಿದ್ದರು.

ಮಧ್ಯಾಹ್ನವೆಲ್ಲ ಅದೇ ಪಾಠ ನಡೆಯಿತು. ಐದು ಸೆಕೆಂಡಿಗೆ ಒಮ್ಮೆ ಎಡಗನ್ನಡಿ, ಮುಂದಿನ ಗಾಡಿಗೂ ನಮಗೂ ಇಷ್ಟು ದೂರ. ರಿವರ್ಸ್ ಹಾಕುವ ಮುಂಚೆ ಇಳಿದು, ಹಿಂದೆ ಹೋಗಿ, ಕಣ್ಣಾರೆ ನೋಡಿ, ಮತ್ತೆ ಹತ್ತಬೇಕು ಎಂದು ಶ್ರೀರಾಮ್ ಹೇಳಿದಾಗ ಶಂಕರ್ ಕೈ ಎತ್ತಿದ. ದಿನಕ್ಕೆ ಇಪ್ಪತ್ತೆರಡು ಡೈರಿ ಸಾರ್, ಒಂದೊಂದು ಕಡೆಯೂ ಇಳಿದು ಹತ್ತುತ್ತಾ ಕೂತರೆ ಹಾಲು ಮೊಸರಾಗಿ ಊರು ಸೇರುತ್ತದೆ ಎಂದ. ಶ್ರೀರಾಮನೂ ನಕ್ಕ. ಆದರೂ ಇಳಿಯಲೇಬೇಕು ಎಂದ.

ಸಂಜೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಉಪಾಯ ಎತ್ತಿದವನು ಚಲುವರಾಜುವೇ.

"ಸರ್ಟಿಫಿಕೇಟು ಇಲ್ದಿದ್ರೆ ಒಬ್ಬೊಬ್ರನ್ನೇ ಕಳ್ಸಂಗಿಲ್ಲ ತಾನೆ. ಮೂರು ಜನಾನೂ ಫೇಲಾಗ್ಬುಡವ ಕಣ್ರಲಾ. ಆಮೇಕೆ ಅದೇನ್ ಮಾಡ್ತಾನೋ ಮಾಡ್ಲಿ."

"ಮೂರು ಜನಾನೂ ತೆಗ್ದಾಕುದ್ರೆ?" ಎಂದ ಪುಟ್ಟರಾಜು.

"ತೆಗ್ದಾಕ್ಬುಟ್ಟು? ನಾಳೀಕ್ ಬೆಳಿಗ್ಗೆ ಅರವತ್ತು ಊರ ಆಲು ಅವನ ಎಂಡ್ರು ತಲೆ ಮೇಲ್ ಒತ್ಕ ಬಂದಾಳಾ?"

ಪುಟ್ಟರಾಜು ಮತ್ತೊಂದು ಸುತ್ತು ಟೀ ಹೇಳಿದ. ಶಂಕರ್ ಯಾವಾಗಲೂ ಕಡಿಮೆ ಮಾತಿನವನು. ತನ್ನ ಕ್ಲೀನರಿಗೆ ಮೊನ್ನೆ ತಾನೆ ಹೆಣ್ಣು ಗೊತ್ತಾಗಿದೆ, ಅವನ ಮುಖ ನೋಡಲು ಆಗುತ್ತಿಲ್ಲ ಎಂದು ಹೇಳಿ, ಚಲುವರಾಜುವಿನ ಅಂಗೈಗೆ ಕೈ ತಟ್ಟಿದ.

ಮಾರನೆಯ ಬೆಳಿಗ್ಗೆ ದಾರಿಯಲ್ಲಿ ಚಲುವರಾಜು ಇದನ್ನು ಕುಳ್ಳಯ್ಯನಿಗೆ ಹೇಳಿದ. ಕುಳ್ಳಯ್ಯ ಬಾಚಣಿಗೆ ಜೇಬಿಗಿಟ್ಟು, ಫೇಲಾಗುವುದಕ್ಕೂ ಎರಡು ದಿನ ಟ್ರೈನಿಂಗ್ ಕೊಡುತ್ತಾರೇನಣ್ಣ ಎಂದು ನಕ್ಕ. ಕ್ಯಾತನಹಳ್ಳಿಯ ಹತ್ತಿರ ಎರಡು ಕಬ್ಬಿನ ಗಾಡಿಗಳ ನಡುವೆ ಲಾರಿ ತೂರಿಸುವಾಗ ಅವನು ಎಂದಿನಂತೆ ತಲೆ ಹೊರಗೆ ಹಾಕಿ ಬರ್ಲಿ ಬರ್ಲಿ ಎಂದ. ಚಲುವರಾಜು ಮೊದಲ ಸಲ ತನ್ನ ಲಾರಿಯ ಎಡಗನ್ನಡಿ ನೋಡಿದ. ಅದರಲ್ಲಿ ತೆಂಗಿನ ಸುಳಿ, ಒಂದಿಷ್ಟು ಆಕಾಶ, ಕುಳ್ಳಯ್ಯನ ಕಿವಿ ಇದ್ದವು. ರಸ್ತೆ ಇರಲಿಲ್ಲ.

ಆವತ್ತು ಪರೀಕ್ಷೆ. ಪಾಲಹಳ್ಳಿಯವರೆಗೆ ಹೋಗಿ ಬರಬೇಕು, ದಾರಿಯಲ್ಲಿ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸಬೇಕು, ವಾಪಸು ಬಂದು ಕೋನುಗಳ ಓಣಿಯಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆದು ನಿಲ್ಲಿಸಬೇಕು. ಮೊದಲು ಹೋದ ಪುಟ್ಟರಾಜು ದಾರಿಯುದ್ದಕ್ಕೂ ಹಾರ್ನ್ ಒತ್ತಿ, ಎಡಕ್ಕೆ ಹೋಗುವಾಗ ಬಲಕ್ಕೆ ಇಂಡಿಕೇಟರ್ ಹಾಕಿ, ನಾಲ್ಕು ಕೋನು ಉರುಳಿಸಿ ಇಳಿದು ಬಂದ. ಶಂಕರ್ ಹೆದ್ದಾರಿಯಲ್ಲಿ ಮೂರು ಸಲ ಎಂಜಿನ್ ಆಫ್ ಮಾಡಿಕೊಂಡ. ಇಬ್ಬರೂ ಹುಣಸೆ ಮರದ ಕೆಳಗೆ ಕೂತು ಬೀಡಿ ಹಚ್ಚಿದರು.

ಚಲುವರಾಜು ಹತ್ತಿ ಕೂತ. ಶ್ರೀರಾಮ್ ಪಕ್ಕದ ಸೀಟಿನಲ್ಲಿ ಹಾಳೆ ತಿರುಗಿಸುತ್ತಾ, ಮುಖ ಎತ್ತದೆ ಹೇಳಿದ.

"ಅವರಿಬ್ಬರೂ ಬೇಕಂತ ಫೇಲಾದ್ರು ಅಂತ ನನಗೆ ಗೊತ್ತಾಗಲ್ವಾ ಸಾರ್. ನಿಮಗೆ ಆ ಕಷ್ಟ ಇಲ್ಲ. ನಿನ್ನೆ ಕೋನು ನಿಜವಾಗ್ಲೇ ಬಿತ್ತಲ್ಲ. ನೀವು ಸುಮ್ಮನೆ ಓಡಿಸಿದ್ರೆ ಸಾಕು."

ಚಲುವರಾಜುವಿನ ಕಿವಿ ಬಿಸಿಯಾಯಿತು. ಸೀಟು ಸರಿಮಾಡಿಕೊಂಡ. ಎಡಗನ್ನಡಿಯನ್ನು ಒಂದು ಬೆರಳಷ್ಟು ಕೆಳಕ್ಕೆ ತಿರುಗಿಸಲು ಶ್ರೀರಾಮನಿಗೆ ಹೇಳಿದ. ಗೇರು ಹಾಕಿದ.

ಗೇಟು ದಾಟುವಾಗಲೇ ಬಾಯಿ ತೆರೆದಿತ್ತು. "ಎಡಕ್ಕೆ ಮುದ್ಕಿ, ತಲೇಲಿ ಉಲ್ಲೊರೆ, ಅವಳ್ಗೆ ನಾವ್ ಕಾಣಾಕಿಲ್ಲ, ನಾವೇ ನಿಲ್ಬೇಕು. ಬರ್ಲಿ, ಬರ್ಲಿ. ಸೈಕಲ್ಲು, ಇಂದ್ಗಡೆ ಬಕೀಟು ನೇತಾಕವ್ನೆ, ಒಂದ್ ಮೊಳ ಜಾಸ್ತಿ ಬುಡು. ಕಬ್ಬಿನ ಟ್ರಾಕ್ಟರು, ಇಂದೆ ಲೈಟಿಲ್ಲ, ಓನರಿಗೆ ಮಾನ ಇಲ್ಲ."

ಶ್ರೀರಾಮ್ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಇಷ್ಟು ಚೆನ್ನಾಗಿ ಹೇಳುವುದನ್ನು ಎಲ್ಲಿ ಕಲಿತಿರಿ ಎಂದ. ಚಲುವರಾಜುವಿಗೆ ಆಗ ತನ್ನ ಬಾಯಿಂದ ಬರುತ್ತಿದ್ದದ್ದು ಯಾರ ಮಾತು ಎಂಬುದು ಗೊತ್ತಾಯಿತು. ಆಮೇಲೆ ಇನ್ನೂ ಜೋರಾಗಿ ಹೇಳತೊಡಗಿದ.

ಮೈದಾನಕ್ಕೆ ವಾಪಸಾದಾಗಲೂ ಫೇಲಾಗಲು ಕಾಲ ಮಿಂಚಿರಲಿಲ್ಲ. ಕೋನುಗಳ ಓಣಿಯಲ್ಲಿ ಎಡಚಕ್ರವನ್ನು ಒಂದು ಗೇಣು ಆಚೆಗೆ ಬಿಟ್ಟರೆ ಮುಗಿಯಿತು. ಹುಣಸೆ ಮರದ ಕೆಳಗಿನ ಇಬ್ಬರೂ ಎದ್ದು ನಿಂತು ನೋಡುತ್ತಿದ್ದರು. ಚಲುವರಾಜು ಎಡಗನ್ನಡಿ ನೋಡಿದ, ಬಲಗನ್ನಡಿ ನೋಡಿದ, ಮತ್ತೆ ಎಡಗನ್ನಡಿ ನೋಡಿದ. ಲಾರಿ ಒಂದೇ ಸಲಕ್ಕೆ, ಒಂದು ಕೋನಿಗೂ ತಾಗದೆ, ಗೆರೆಯ ಮೇಲೆ ಬಂದು ನಿಂತಿತು. ಕೈ ತನ್ನ ಮಾತು ಕೇಳಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಕೈ ಅವನು ಹೇಳಿದ್ದನ್ನೇ ಮಾಡಿತ್ತು.

"ನೂರಕ್ಕೆ ತೊಂಬತ್ತಾರು," ಎಂದ ಶ್ರೀರಾಮ್. "ಇಷ್ಟು ನಾನು ಯಾರಿಗೂ ಕೊಟ್ಟಿಲ್ಲ. ನಾಲ್ಕು ಯಾಕೆ ಹೋಯ್ತು ಗೊತ್ತಾ? ರಿವರ್ಸ್ ತೆಗೆಯೋ ಮುಂಚೆ ಇಳಿದು ಹಿಂದೆ ನೋಡಲಿಲ್ಲ."

ಬಾಗಿಲು ತೆರೆದು ಕೆಳಗೆ ಕಾಲಿಡುವಷ್ಟು ಹೊತ್ತು ಚಲುವರಾಜುವಿಗೆ ಸಂತೋಷವಾಗಿತ್ತು. ಶಂಕರ್ ಅವನ ಕಡೆ ನೋಡದೆ ಬೀಡಿಯನ್ನು ಚಪ್ಪಲಿಯಲ್ಲಿ ಹೊಸಕಿ ಗೇಟಿನ ಕಡೆ ನಡೆದ. ಪುಟ್ಟರಾಜು ಮಾತ್ರ ನಿಂತಿದ್ದ.

"ಏನ್ಲಾ ಚಲ್ವ, ರ‍್ಯಾಂಕಾ? ಓಗು, ಶಿವಣ್ಣನ ಮನೆ ಬಾಗ್ಲಿಗೆ ನೇತಾಕು."

ಮುಂದಿನದ್ದಕ್ಕೆ ಶಿವಣ್ಣ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಚಲುವರಾಜುವಿಗೆ ಆಗಿದ್ದು ನಿಮಗೇನು ರೋಗ ಎಂದು ಉಳಿದಿಬ್ಬರನ್ನು ಮುಂದಿನ ವಾರ ಮತ್ತೆ ಕಳಿಸಿದ. ಪಾಸಾಗದೆ ಬಂದರೆ ಬೀಗದ ಕೈ ಇಟ್ಟು ಹೋಗಿ ಎಂದ. ಇಬ್ಬರೂ ಪಾಸಾದರು. ಮೂರು ಹಾಳೆಗಳನ್ನೂ ಅವನು ಆಫೀಸಿನ ಗೋಡೆಗೆ ಸಾಲಾಗಿ ಅಂಟಿಸಿದ.

ಮೂವತ್ತನೆಯ ತಾರೀಖು ಹಾಲು ಇಳಿಸಿದ ಮೇಲೆ ಕುಳ್ಳಯ್ಯ ಲಾರಿ ತೊಳೆದ. ಎಂದಿಗಿಂತ ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಆಮೇಲೆ ಹನ್ನೆರಡರ ಸ್ಪ್ಯಾನರ್ ತಂದು ಎಡಗನ್ನಡಿಯ ನಟ್ಟು ಸಡಿಲಿಸಿ, ಅದನ್ನು ಹೊರಕ್ಕೆ, ಕೆಳಕ್ಕೆ ತಿರುಗಿಸಿದ. ಚಲುವರಾಜು ಸೀಟಿನಲ್ಲಿ ಕೂತಿದ್ದ.

"ಈಗ ರೋಡು ಕಾಣ್ತದಾ?"

"ಕಾಣ್ತದೆ."

ಕುಳ್ಳಯ್ಯ ನಟ್ಟು ಬಿಗಿ ಮಾಡಿದ. ಇಷ್ಟು ದಿನ ಕೇಳದೇ ಇದ್ದದ್ದನ್ನು ಸ್ಪ್ಯಾನರ್ ಒರೆಸುತ್ತಾ ಕೇಳಿದ.

"ಅವ್ರಿಬ್ರೂ ಫೇಲಾಗಿದ್ರಂತೆ. ನೀನ್ಯಾಕಣ್ಣ ಆಗ್ನಿಲ್ಲ?"

"ಆ ಟ್ರೈನಿಂಗ್ ಉಡ್ಗ ರೇಗ್ಸ್‌ಬುಟ್ಟ ಕಣ್ಲಾ ನನ್ನ," ಎಂದ ಚಲುವರಾಜು. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಅವನಿಗೇ ಕೇಳಿಸಿತು. ಸಿಟ್ಟು ಬಂತು. "ಏನ್ ಅಂಗ್ ನೋಡಿಯೇ? ಬೈಯಂಗಿದ್ರೆ ಬೈದ್ಬುಡು."

ಕುಳ್ಳಯ್ಯ ಬೈಯಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿದ್ದ ಬಾಚಣಿಗೆ ತೆಗೆದುಕೊಂಡು, ಸ್ಪ್ಯಾನರನ್ನು ಅದರ ಜಾಗದಲ್ಲಿಟ್ಟು, ಬಸ್‌ಸ್ಟ್ಯಾಂಡಿನ ಕಡೆ ಹೋದ.

ಒಂದನೇ ತಾರೀಖು ಕ್ಯಾಮೆರಾ ಬಂದಿರಲಿಲ್ಲ. ಮುಂದಿನ ವಾರ ಎಂದು ಶಿವಣ್ಣ ಫೋನಿನಲ್ಲಿ ಹೇಳಿದ. ಏಳು ಊರು ಏನೂ ತೊಂದರೆಯಾಗಲಿಲ್ಲ. ಐದು ಸೆಕೆಂಡಿಗೆ ಒಮ್ಮೆ ಚಲುವರಾಜು ಎಡಗನ್ನಡಿ ನೋಡುತ್ತಿದ್ದ. ಇಳಿದು ನೋಡುವುದು ಮಾತ್ರ ಮೂರನೆಯ ಊರಿಗೇ ನಿಂತುಹೋಗಿತ್ತು. ಕ್ಯಾನು ಎತ್ತುವವರು ಎಲ್ಲೂ ಬೇಗ ಸಿಗದೆ ಆಗಲೇ ಮುಕ್ಕಾಲು ಗಂಟೆ ತಡವಾಗಿತ್ತು.

ಎಂಟನೆಯದು ಕ್ಯಾತನಹಳ್ಳಿ, ಕುಳ್ಳಯ್ಯನ ಊರು. ಅಲ್ಲಿಯ ಡೈರಿ ಓಣಿಯ ಕೊನೆಗಿದೆ. ಲಾರಿಯನ್ನು ಅರವತ್ತು ಅಡಿ ಹಿಂದಕ್ಕೇ ತೆಗೆದುಕೊಂಡು ಹೋಗಬೇಕು. ಡೈರಿ ಕಾರ್ಯದರ್ಶಿ ಬೆಟ್ಟಮ್ಮ, ಇನ್ನು ಮೇಲೆ ಕ್ಲೀನರ್ ಬರುವುದಿಲ್ಲವಲ್ಲ, ಬೇಗ ಆಗಲಿ ಎಂದು, ಜಗುಲಿಯ ಮೇಲಿರುತ್ತಿದ್ದ ಕ್ಯಾನುಗಳನ್ನು ಓಣಿಯ ನಡುವಿಗೇ ತಂದಿಡಿಸಿದ್ದಳು. ಇದು ಚಲುವರಾಜುವಿಗೆ ಗೊತ್ತಿರಲಿಲ್ಲ. ರಿವರ್ಸ್ ಹಾಕಿ ಎಡಗನ್ನಡಿ ನೋಡಿದ.

ಎಡಗಡೆ ಗೋಡೆಯುದ್ದಕ್ಕೂ ಹಾಲು ಹಾಕುವವರ ಸಾಲು ನಿಂತಿತ್ತು. ಸಾಲಿನ ನಡುವೆ ಸ್ಟೀಲ್ ಬಕೆಟ್ ಹಿಡಿದು ಕುಳ್ಳಯ್ಯ ಇದ್ದ. ಇಷ್ಟು ವರ್ಷ ಹಾಲು ತರುತ್ತಿದ್ದವಳು ಅವನ ಹೆಂಡತಿ. ಲಾರಿ ಅವನ ಹತ್ತಿರಕ್ಕೆ ಬಂತು. ಕುಳ್ಳಯ್ಯ ಲಾರಿಯ ಹಿಂದಕ್ಕೆ ನೋಡಿದ. ಬಕೆಟ್ ಎಡಗೈಗೆ ಹೋಯಿತು. ಬಲಗೈ ಮೇಲಕ್ಕೆದ್ದಿತು, ಅಂಗೈ ಅಗಲವಾಗಿ, ಲಾರಿಯ ಪಕ್ಕೆಗೆ ಎರಡು ಗೇಣು ದೂರದಲ್ಲಿ. ಕನ್ನಡಿಯಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಚಲುವರಾಜು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಆ ಸದ್ದಿಗೆ ಕಾದ.

ಅಂಗೈ ಬಡಿಯದೆ ಕೆಳಗಿಳಿಯಿತು.

ಆಮೇಲೆ ಹಿಂದಿನಿಂದ ಬೇರೆ ಸದ್ದು ಬಂತು. ಚಲುವರಾಜು ಬ್ರೇಕು ಒತ್ತುವಷ್ಟರಲ್ಲಿ ಕ್ಯಾನುಗಳು ಉರುಳಿ ಡೈರಿಯ ಮೆಟ್ಟಿಲಿಗೆ ಬಡಿದಿದ್ದವು. ಹಾಲು ಕಲ್ಲುಚಪ್ಪಡಿಯ ಸಂದಿ ಹಿಡಿದು ಚರಂಡಿಗೆ ಹರಿಯಿತು. ಸಾಲಿನವರು ಕಾಲು ಎತ್ತಿ ಹಿಂದೆ ಸರಿದರು. ಕಣ್ಣು ಎಲ್ಲಿಟ್ಟಿದ್ದೆ ಎಂದು ಬೆಟ್ಟಮ್ಮ ಕೂಗುತ್ತಲೇ ಇದ್ದಳು. ಚಲುವರಾಜು ಅವಳನ್ನು ದಾಟಿ ನೇರವಾಗಿ ಗೋಡೆಯ ಹತ್ತಿರ ಬಂದು ಕುಳ್ಳಯ್ಯನ ಎದುರು ನಿಂತ.

"ಕಾಣ್ತಿತ್ತಲ್ವೇನ್ಲಾ ನಿಂಗೆ?"

"ಕಾಣ್ತಿತ್ತು."

"ಬಡೀಬೌದಾಗಿತ್ತಲ್ಲ ಒಂದೇಟ."

ಮುಂದಿನವನು ಸಾಲಿನಲ್ಲಿ ಸರಿದ. ಕುಳ್ಳಯ್ಯ ಬಕೆಟ್ಟನ್ನು ಬಲಗೈಗೆ ಬದಲಾಯಿಸಿಕೊಂಡು ಒಂದು ಹೆಜ್ಜೆ ಮುಂದಕ್ಕೆ ಹೋದ.

ಬೆಟ್ಟಮ್ಮ ಶಿವಣ್ಣನಿಗೆ ಫೋನ್ ಮಾಡಿದಳು. ಎಷ್ಟು ಹೋಯಿತು ಎಂದು ಅವನು ಕೇಳಿದ. ಅವಳು ಬಗ್ಗಿ, ಉರುಳಿದ ಕ್ಯಾನುಗಳನ್ನು ಒಂದೊಂದಾಗಿ ಕಾಲಿನಿಂದ ಹೊರಳಿಸಿ, ಲಾರಿಯ ಹಿಂಭಾಗವನ್ನೂ ನೋಡಿ ಹೇಳಿದಳು. ಮೂರು ಕ್ಯಾನು, ನೂರ ಇಪ್ಪತ್ತು ಲೀಟರ್ ಹಾಲು, ಒಂದು ಹಿಂದಿನ ದೀಪ.