ಚಿಕ್ಕಪ್ಪನ ಭುಜ

ಆ ಜೆಲ್ ಅಂದರೆ ನನಗೆ ಹೇಸಿಗೆ. ಸ್ಪಿರಿಟ್ ವಾಸನೆ ಮೂಗಿಗೆ ಬಡಿಯುತ್ತದೆ, ಒಣಗುವ ತನಕ ಚರ್ಮವೆಲ್ಲ ಅಂಟಂಟು. ಆದರೂ ದಿನಾ ಬೆಳಿಗ್ಗೆ ಎರಡೂ ಭುಜಕ್ಕೆ ಹಚ್ಚಿಕೊಳ್ಳುತ್ತಿದ್ದೆ, ಏಕೆಂದರೆ ಗಂಡು ಹಾರ್ಮೋನ್ ಮೈ ಸೇರಲು ಇದು ಬೇಡವೆಂದರೆ ಇಂಜೆಕ್ಷನ್ನೇ ಗತಿ, ಸೂಜಿ ಕಂಡರೆ ನನ್ನ ಕೈಕಾಲು ತಣ್ಣಗಾಗುತ್ತದೆ. ಹುಟ್ಟಿದಾಗ ಎಲ್ಲರೂ ಹೆಣ್ಣೆಂದರು. ಅಲ್ಲ, ನಾನು ಗಂಡು ಎಂದು ಇಡೀ ಮನೆಯ ಜೊತೆ ಜಗಳಾಡಿ ಮೇಲಿನ ಕೋಣೆ ಸೇರಿದವನು ನಾನು. ಅಂಥವನನ್ನು ಹೆದರಿಸಲು ಒಂದು ಸೂಜಿ ಸಾಕು.

ನನ್ನದು ಕಟಿಂಗ್ ಶಾಪ್. ದಿನವಿಡೀ ಊರ ಗಂಡಸರ ಗಡ್ಡ ಕೆರೆಯುತ್ತೇನೆ. ಕೊಳಕು ನೊರೆ, ಬಾಯಿ ವಾಸನೆ, ಕಾಲರಿನ ಜಿಡ್ಡು ಎಲ್ಲ ಸಹಿಸುತ್ತೇನೆ. ನನ್ನ ಮುಖದಲ್ಲಿ ಮಾತ್ರ ಏನೂ ಇಲ್ಲ. "ಹಾರ್ಮೋನ್ ಏರ್ತಾನೇ ಇಲ್ವಲ್ಲ ರೀ," ಎಂದು ರಕ್ತದ ವರದಿ ನೋಡಿ ಡಾಕ್ಟರ್ ಡೋಸ್ ಹೆಚ್ಚಿಸಿದರು. "ಹಚ್ಚಿದ ಜಾಗ ಯಾರಿಗೂ ತಾಗಬಾರದು. ಜೊತೇಲಿ ಯಾರಿದ್ದಾರೆ?"

"ಒಬ್ಬನೇ ಇರೋದು, ಡಾಕ್ಟ್ರೇ."

ಸುಳ್ಳೇನಲ್ಲ. ಕೆಳಗೆ ಅಣ್ಣ, ಅತ್ತಿಗೆ, ಅಮ್ಮ ಇದ್ದರು, ನಿಜ. ಅಮ್ಮ ನನ್ನನ್ನು ಮುಟ್ಟಿ ಎರಡು ವರ್ಷವಾಗಿತ್ತು. ಅವಳ ಬಾಯಲ್ಲಿ ನನಗೆ ಹೆಸರೂ ಇರಲಿಲ್ಲ. "ಮೇಲಿನದಕ್ಕೆ ಊಟ ಇಟ್ಟು ಬಾ," ಎಂದು ಅತ್ತಿಗೆಗೆ ಹೇಳುವುದು ಮೆಟ್ಟಿಲವರೆಗೂ ಕೇಳುತ್ತಿತ್ತು.

ಕೋಣೆಯೊಳಗೆ ಬರುತ್ತಿದ್ದವಳು ಅಣ್ಣನ ಮಗಳು ಗುಬ್ಬಿ ಒಬ್ಬಳೇ. ಮೂರು ವರ್ಷದ ಪೋರಿ. ಎದ್ದವಳೇ "ಚಿಕ್ಕಪ್ಪಾ" ಎಂದು ಕೂಗುತ್ತಾ ಬಂದು, ಬನಿಯನ್ನಿನಲ್ಲಿದ್ದ ನನ್ನ ತೋಳಿಗೇರಿ, ಭುಜಕ್ಕೆ ಕೆನ್ನೆಯಿಟ್ಟು ಇನ್ನೊಂದು ನಿದ್ದೆ ತೆಗೆಯುತ್ತಿದ್ದಳು. ಆ ಮನೆಯಲ್ಲಿ ನನ್ನನ್ನು ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ. ಡಾಕ್ಟರ್ ಕೇಳಿದ್ದು ಹೆಂಡತಿಯ ವಿಷಯ ಎಂದುಕೊಂಡಿದ್ದೆ. ಗುಬ್ಬಿ ನೆನಪಿಗೇ ಬರಲಿಲ್ಲ.

ಒಂದು ಭಾನುವಾರ ಕೂದಲು ಕತ್ತರಿಸಲು ಅವಳನ್ನು ಕೂರಿಸಿದೆ. ಮೊದಲು ಬಂದದ್ದು ವಾಸನೆ. ಅಂಗಡಿಯಲ್ಲಿ ಕುರ್ಚಿ ಒರೆಸುವಾಗ ಬರುವ ದೊಡ್ಡವರ ಬೆವರಿನ ವಾಸನೆ, ಮಗುವಿನ ಕಂಕುಳಿಂದ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರೆ ಮೂಗಿನ ಕೆಳಗೆ ಕಪ್ಪು ನವಿರು. ನಾನು ದಿನಾ ಕನ್ನಡಿಯಲ್ಲಿ ಹುಡುಕುತ್ತಿದ್ದ ಮೀಸೆ ಈ ಪುಟ್ಟ ತುಟಿಯ ಮೇಲೆ ಬಂದು ಕೂತಿತ್ತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ, ಭುಜ ಕೆಂಪಾಗುವವರೆಗೆ ಉಜ್ಜಿದೆ.

ಕೆಳಗಿಳಿದು ಎಲ್ಲ ಹೇಳಿದೆ. ಅತ್ತಿಗೆ ಮಗುವನ್ನು ಕಸಿದುಕೊಂಡಳು. "ನಿನ್ನ ಗಲೀಜನ್ನ ನನ್ನ ಮಗೂಗೂ ಮೆತ್ತಿದೆಯಾ?" ಅವಳಿಗಿಂತ ನನಗೇ ನನ್ನ ಮೈ ಅಸಹ್ಯವಾಗಿತ್ತು.

ಡಾಕ್ಟರ್ ಮಗುವನ್ನೂ ಪರೀಕ್ಷಿಸಿದರು. "ಜೆಲ್ ತಾಗೋದು ನಿಂತ್ರೆ ಮಗು ನಿಧಾನಕ್ಕೆ ಸರಿಹೋಗುತ್ತೆ. ನೀವು ಜೆಲ್ ಬಿಟ್ಟು ಇಂಜೆಕ್ಷನ್ ತಗೊಳ್ಳಿ. ವಾರಕ್ಕೊಂದು ಸಣ್ಣ ಡೋಸ್, ಮನೇಲೇ ಚುಚ್ಕೋಬಹುದು." ಜೆಲ್ ಹಿಡಿದುಕೊಂಡರೆ ಗುಬ್ಬಿ ಇಲ್ಲ. ಔಷಧವನ್ನೇ ಬಿಟ್ಟರೆ ನಾನಿಲ್ಲ.

ಎಣ್ಣೆಯಂಥ ಮಂದ ಔಷಧ ಸಿರಿಂಜಿಗೆ ಏರುವುದನ್ನು ನೋಡಲಾರದೆ ಮುಖ ತಿರುಗಿಸಿದೆ. ತೊಡೆಯ ಹತ್ತಿರ ಸೂಜಿ ಹಿಡಿದು ಎಷ್ಟು ಹೊತ್ತು ಕೂತೆನೋ. ಅಳು ಬಂತು. ತಲೆಯೆತ್ತಿದರೆ ಬಾಗಿಲಲ್ಲಿ ಅಮ್ಮ, ಅವಳ ಕೈ ಹಿಡಿದು ಗುಬ್ಬಿ. ಸಕ್ಕರೆ ಕಾಯಿಲೆಯ ಅಮ್ಮ ದಿನಾ ತನ್ನ ಹೊಟ್ಟೆಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ.

"ಥೂ, ದನಕ್ಕೆ ಚುಚ್ಚೋ ಸೂಜಿ ಇದ್ದಂಗಿದೆ! ಕೊಡಿಲ್ಲಿ."

ಮುಖ ಸಿಂಡರಿಸಿಕೊಂಡೇ ನನ್ನ ತೊಡೆ ಹಿಡಿದಳು. ಚುಚ್ಚಿದಳು. ನಾನು ಹಲ್ಲು ಕಚ್ಚಿದರೂ ಕಣ್ಣೀರು ನಿಲ್ಲಲಿಲ್ಲ.

"ಯಾಕಜ್ಜೀ ಅಳ್ತಿರೋದು?" ಎಂದಳು ಗುಬ್ಬಿ, ನನ್ನತ್ತ ಬೆರಳು ತೋರಿಸಿ.

"ಇನ್ನೇನು, ನಿನ್ನ ಚಿಕ್ಕಪ್ಪ ಶುದ್ಧ ಪುಕ್ಕಲ." ಹೊಲಸು ಮುಟ್ಟಿದವಳಂತೆ ಅಮ್ಮ ಕೈ ಒರೆಸಿಕೊಂಡಳು. "ಹೋಗು, ಎತ್ತಿಸ್ಕೋ. ಈಗ ಏನೂ ಮೆತ್ತಲ್ಲ."