ಆಕಾಶದಲ್ಲೂ ಹುಕ್ಕೇರಿಯ ಸಂಜೆ

ಹುಕ್ಕೇರಿಯ ಡಾಕ್ಟರ್ ತಾತ್ಯಾಸಾಹೇಬರು ಮಂಚದ ಕಾಲ್ದೆಸೆಗೆ ಎರಡೆರಡು ಇಟ್ಟಿಗೆ ಕೊಟ್ಟು, ತಲೆ ತಗ್ಗಿನಲ್ಲೂ ಪಾದ ಎತ್ತರದಲ್ಲೂ ಇರುವಂತೆ ಮಲಗುತ್ತಿದ್ದರು. ಮಲಗಿಕೊಂಡೇ ರೋಗಿಗಳನ್ನು ನೋಡುತ್ತಿದ್ದರು. ಹೊಸಬರಿಗೆ ಇಲ್ಲಿ ವೈದ್ಯರು ಯಾರೆಂಬುದೇ ತಿಳಿಯುತ್ತಿರಲಿಲ್ಲ. ಹತ್ತರಗಿಯಿಂದ ಮೊಣಕಾಲು ನೋವೆಂದು ಬಂದ ಸಾತವ್ವ ಎಂಬ ಮುದುಕಿ ಅವರ ಹಣೆ ಮುಟ್ಟಿ ನೋಡಿ, ಜ್ವರವೇನಿಲ್ಲ, ಗಂಜಿ ಕುಡಿಯಿರೆಂದು ಸಮಾಧಾನ ಹೇಳಿ, ತನ್ನ ನೋವನ್ನು ಹಾಗೆಯೇ ಮನೆಗೆ ಹೊತ್ತುಕೊಂಡು ಹೋಗಿದ್ದಳು.

ತೂಕವಿಲ್ಲದ ಅಂತರಿಕ್ಷದಲ್ಲಿ ರಕ್ತ ಕಾಲು ಬಿಟ್ಟು ತಲೆಗೇರುತ್ತದಂತೆ. ಮುಖ ಊದುತ್ತದೆ, ಕಾಲು ಸೊರಗುತ್ತದೆ. ಭೂಮಿಯ ಮೇಲೆ ಅದರ ರುಚಿ ನೋಡಲು ಹೀಗೆ ಮಲಗಬೇಕೆಂದು ಎಲ್ಲೋ ಓದಿದ ದಿನವೇ ಇಟ್ಟಿಗೆಗಳು ಬಂದಿದ್ದವು. ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟಿನ ಕಿಸೆಯಲ್ಲಿ ದರ್ಜಿಯ ಟೇಪು. ಮಾತಿನ ನಡುವೆಯೇ ಪಾಯಜಾಮ ಎತ್ತಿ ಮೀನಖಂಡದ ಸುತ್ತಳತೆ ತೆಗೆದು ಬರೆದುಕೊಳ್ಳುವರು. ಅಂತರಿಕ್ಷದ ತಲೆಸುತ್ತು ಹೇಗಿರುತ್ತದೆಂದು ತಿಳಿಯಲು ಬೆಳಿಗ್ಗೆ ಯಲ್ಲಾರಿಯ ಕ್ಷೌರದಂಗಡಿಗೆ ಹೋಗಿ ತಿರುಗುವ ಕುರ್ಚಿಯಲ್ಲಿ ನಲವತ್ತು ಸುತ್ತು ಸುತ್ತಿಸಿಕೊಂಡು, ಕಣ್ಣು ಮುಚ್ಚಿ ನಾಡಿ ಎಣಿಸಿ, ಬಜಾರಿನಲ್ಲಿ ಅತ್ತಿತ್ತ ವಾಲುತ್ತ ಬರುವರು. ನೀರನ್ನೂ ಸೋಸಿ ಕುಡಿಯುವ ಜೈನರ ಮನೆಯವರೆಂದು ಬಲ್ಲವರಿಗೂ ಆ ನಡಿಗೆ ಕಂಡು ಒಂದು ಗಳಿಗೆ ಅನುಮಾನ ಬರುತ್ತಿತ್ತು. “ಒಂದ ದಿನಾರ ಗಡ್ಡಾ ಮಾಡಸ್ಕೋರಿ ಡಾಕ್ಟರ್, ಕುರ್ಚಿಗೆ ಬ್ಯಾಸರಾಗೇತಿ” ಎಂದು ಯಲ್ಲಾರಿ ಗೊಣಗುತ್ತಿದ್ದ.

೧೯೯೧ರಿಂದ ಈ ಅಳತೆಗಳನ್ನೆಲ್ಲ ಅವರು ಮೂರು ತಿಂಗಳಿಗೊಮ್ಮೆ ಪರದೇಶದ ಅಂತರಿಕ್ಷ ಸಂಸ್ಥೆಯೊಂದಕ್ಕೆ ಬರೆದು ಕಳಿಸುತ್ತಿದ್ದರು. ಏಳು ವರ್ಷ ಉತ್ತರವಿಲ್ಲ. ಅವರಿಗೆ ಬೇಸರವೂ ಇಲ್ಲ. ಎಂಟನೆಯ ವರ್ಷ ಅಲ್ಲಿಂದ ಕರೆ ಬಂತು. ಹತ್ತು ದಿನ ಆಕಾಶದಲ್ಲಿದ್ದು ತನ್ನ ಮೈಯನ್ನು ತಾನೇ ಪರೀಕ್ಷಿಸಿಕೊಳ್ಳುವ, ಬೇಸರವರಿಯದ ವೈದ್ಯನೊಬ್ಬ ಆ ಸಂಸ್ಥೆಗೆ ಬೇಕಾಗಿದ್ದನಂತೆ.

ಆದರೆ ತಾಯಿ ಜಿನ್ನವ್ವ ಹೂಂ ಅನ್ನದೆ ತಾತ್ಯಾಸಾಹೇಬರು ಹೊರಡುವವರಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಯಾದ್ದರಿಂದ ನಾನೂ ಅಂದು ಅಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದೆ. ಜಿನ್ನವ್ವ ಕೇಳಿದ್ದು ಒಂದೇ: ಅಲ್ಲಿ ಹೊತ್ತು ಯಾವಾಗ ಮುಳುಗುತ್ತದೆ? ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂಬ ನೇಮವನ್ನು ಮಗ ಎಂಟನೆಯ ವಯಸ್ಸಿಗೆ ಅವಳೆದುರೇ ಹಿಡಿದಿದ್ದರು. ಸುಳ್ಳು ಬಾರದ ಆ ಮನುಷ್ಯ, ಒಂದೂವರೆ ತಾಸಿಗೊಮ್ಮೆ, ದಿನಕ್ಕೆ ಹದಿನಾರು ಸಲ ಮುಳುಗುತ್ತದೆ ಎಂದುಬಿಟ್ಟರು.

“ಹಂಗಾದ್ರ ನೀ ಉಣ್ಣೂದ್ಯಾವಾಗೋ?” ಎಂದಳು ಜಿನ್ನವ್ವ. ಅವಳ ಮುಖ ಮೂರು ದಿನಗಳ ಮೇಲೆ ಮೊದಲ ಸಲ ಸಡಿಲವಾದದ್ದನ್ನು ಕಂಡೆ.

ಪ್ರಶ್ನೆ ಬಸದಿಯ ಹಿರಿಯರ ಮುಂದೆ ಹೋಯಿತು. ಸೂರ್ಯ ಹದಿನಾರು ಸಲ ಹುಟ್ಟುತ್ತಾನಲ್ಲ, ಇವನೂ ಹದಿನಾರು ಊಟ ಹೊಡೆಯಲಿ ಎಂದರು ರಾಜಪ್ಪಣ್ಣ. ಹಾಗಾದರೆ ಪರ್ವದ ಹತ್ತು ದಿನದ ಉಪವಾಸ ಒಂದೇ ದಿನದೊಳಗೆ ತೀರಿತಲ್ಲ, ನಾನೂ ಬರುತ್ತೇನೆ ಎಂದರು ಮತ್ತೊಬ್ಬರು. ಎಲ್ಲರೂ ನಕ್ಕರು, ಜಿನ್ನವ್ವ ನಗಲಿಲ್ಲ. ನೇಮದ ವಿಷಯದಲ್ಲಿ ತಪ್ಪು ಮಾತನ್ನು ಅವಳು ಸಹಿಸುವವಳಲ್ಲ.

“ಸೂರ್ಯಾ ಎಲ್ಲೂ ಮುಳುಗಾಕತ್ತಿಲ್ಲ ರಾಜಪ್ಪಣ್ಣಾ, ಇವನಽ ಅದರ ಮುಂದ ಓಡ್ಯಾಡಾಕತ್ತಾನ. ನೇಮಾ ಹಿಡದಿದ್ದು ಹುಕ್ಕೇರ್ಯಾಗ. ಹುಕ್ಕೇರಿ ಹೊತ್ತಽ ಅವಗ ಹೊತ್ತ.”

ಹಿರಿಯರೆಲ್ಲ ತಲೆದೂಗಿದರು. ಮಗ ಬಾಗಿ ಕಾಲು ಮುಟ್ಟಿದರು. ಹೊರಗೆ ಬಂದ ಮೇಲೆ ಜಿನ್ನವ್ವ ಮೆಟ್ಟಿಲ ಮೇಲೆ ಕುಳಿತುಬಿಟ್ಟು, ಜೊತೆಗಿದ್ದ ನನಗೆ ಹೇಳಿದಳು: “ಹೋಗಬ್ಯಾಡ ಅನ್ನಾಕ ಒಂದ ಮಾತ ಸಿಕ್ಕಿತ್ತು ನೋಡವಾ. ಅದನ್ನ ನಾನಽ ಕಳಕೊಂಡ್ನಿ.”

ಮೂರು ವರ್ಷ ತರಬೇತಿಯಾಯಿತು. ೨೦೦೨ರ ಆರಂಭದಲ್ಲಿ ಕಡೆಯ ರಜೆಗೆ ಬಂದ ಮಗನಿಗೆ, ಅಡುಗೆಮನೆಯ ಮರಾಠಿ ಕ್ಯಾಲೆಂಡರಿನಿಂದ ಮಾರ್ಚ್ ತಿಂಗಳ ಹಾಳೆಯನ್ನು ಜಿನ್ನವ್ವ ಹರಿದುಕೊಟ್ಟಳು. ಅದರಲ್ಲಿ ಪ್ರತಿ ದಿನದ ಸೂರ್ಯಾಸ್ತದ ವೇಳೆ ಇತ್ತು.

ಆ ಹಾಳೆಯೊಂದಿಗೆ ಡಾಕ್ಟರ್ ಭೂಮಿಯನ್ನು ನೂರೈವತ್ತಕ್ಕೂ ಹೆಚ್ಚು ಸಲ ಸುತ್ತಿದರು. ನೌಕೆಯವರ ಮಧ್ಯಾಹ್ನದ ಊಟ ಹುಕ್ಕೇರಿಯ ಸಂಜೆಗೆ ಬೀಳುತ್ತಿತ್ತು. ಇವರು ಗಡಿಯಾರ ನೋಡುತ್ತ ಗಬಗಬನೆ ಮುಗಿಸುವರು. ಅವರ ರಾತ್ರಿಯೂಟಕ್ಕೆ ನಮ್ಮಲ್ಲಿ ನಡುರಾತ್ರಿ. ಆಗ ಇವರು ಕಿಟಕಿಯ ಹೊರಗೆ ನೋಡುತ್ತಿರುವರು. ಜೊತೆಗಾರರು ಮೊದಲೆರಡು ದಿನ ಒತ್ತಾಯ ಮಾಡಿ, ಮೂರನೆಯ ದಿನದಿಂದ ಇವರ ಪಾಲನ್ನು ಸಂತೋಷದಿಂದ ಹಂಚಿಕೊಂಡರಂತೆ.

ಮರಳಿ ಬಂದ ಮೇಲೆ ಊರೂರಿನಲ್ಲಿ ಸನ್ಮಾನ. ಗೋಕಾಕದಲ್ಲಿ ಹಾರದ ಭಾರಕ್ಕೆ ಕುತ್ತಿಗೆ ಬಗ್ಗಿತು. ಮೂಡಲಗಿಯಲ್ಲಿ ಭಾಷಣಗಳೇ ಮುಗಿಯಲಿಲ್ಲ. ವೇದಿಕೆಯ ಹಿಂದೆ ಹೋಳಿಗೆ ಆರುತ್ತಿತ್ತು. ಕ್ಯಾಲೆಂಡರಿನ ಪ್ರಕಾರ ಇನ್ನೂ ಆರೇಳು ನಿಮಿಷವಿದೆಯೆಂದು ಡಾಕ್ಟರ್ ತಾಳ್ಮೆಯಿಂದಿದ್ದರು. ತಲೆಯೆತ್ತಿದರೆ ಬಯಲಿನಾಚೆ ಸೂರ್ಯನಿಲ್ಲ. ಎಲೆ ಹಾಕಿದವರಿಗೆ ಕೈಮುಗಿದು ಹೇಳಿದರು: “ಇಲ್ಲಿ ಹೊತ್ತ ದಿನಕ್ಕ ಒಂದಽ ಸರ್ತಿ ಮುಳುಗತೈತ್ರಿ, ಅದನ್ನೂ ನೀವು ಭಾಷಣದಾಗ ಕಳದ್ರಿ.” ಜನ ಬಿದ್ದು ಬಿದ್ದು ನಕ್ಕರು. ಡಾಕ್ಟರ್ ಮಾತ್ರ ಗಡಿಯಾರ ನೋಡಿ ವೇಳೆಯನ್ನು ಬರೆದುಕೊಂಡರು.

ಮನೆಗೆ ಬಂದವರೇ ಆ ಮಾರ್ಚ್ ಹಾಳೆಯನ್ನು ತಾಯಿಯ ಮುಂದೆ ಬಿಡಿಸಿದರು. ಕೆಳಗೆ ಸಣ್ಣಕ್ಷರದಲ್ಲಿ, ವೇಳೆಗಳೆಲ್ಲ ಮುಂಬಯಿಯವೆಂದು ಅಚ್ಚಾಗಿತ್ತು.

“ಅವ್ವಾ, ನಮ್ಮಲ್ಲಿ ಆರ ಮಿನಿಟ ಮೊದಲಽ ಮುಳುಗತೈತಿ. ಮ್ಯಾಲಿದ್ದಾಗ ಮೂರ ದಿನಾ ನಾ ಈ ಹಾಳಿ ನೋಡಿ ಕಡೀ ಮಿನಿಟಿನ ತನಕಾ ಉಂಡೇನಿ. ಬರದಿಟ್ಟೇನಿ.”

ಜಿನ್ನವ್ವ ಹಾಳೆಯನ್ನು ನೋಡಲಿಲ್ಲ, ಮಗನ ಸೊರಗಿದ ಮುಖ ನೋಡಿದಳು. “ಮೂರ ಉಪಾಸಾ ಮಾಡು. ನಾನೂ ಮಾಡತೇನಿ.”

ನೀನೇಕೆ ಎಂದು ಮಗ ಕೇಳಿದರು.

“ನೀ ಮ್ಯಾಲಿದ್ದಾಗ ಹತ್ತ ದಿನಾ ನನ್ನ ಗಂಟಲದಾಗ ತುತ್ತ ಇಳದಿಲ್ಲ. ಈಗ ನೀ ಎದುರಿಗೆ ಕುಂತಿರತೀದಿ. ಮೂರ ದಿನಾ ಏನ ದೊಡ್ಡದು?”

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಯಾರೂ ಕೇಳದ ಲೆಕ್ಕವನ್ನು ತಾವಾಗಿ ತಂದು ಒಪ್ಪಿಸುತ್ತಾರೆ. ಯಾರ ಕಣ್ಣಿಗೂ ಎಟುಕದ ಕಡೆಗೆ ಹೋದರೂ ತಮ್ಮ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ಅವರಿಗೆ ಬರುವುದಿಲ್ಲ. ಅವರೊಡನೆ ಬಾಳುವ ಮನೆಯವರಿಗೆ ಗೋಳು, ನೋಡುವ ನಮಗೆ ನಗು. ಆದರೂ ಮಕ್ಕಳ ಮೈ ಸುಡತೊಡಗಿದಾಗ, ಬೇರೆ ನಾಲ್ಕು ದವಾಖಾನೆಗಳನ್ನು ದಾಟಿ ನಾವು ಹೋಗಿ ತಟ್ಟುವುದು ಅವರ ಬಾಗಿಲನ್ನೇ.